ಎ ಲೆವೆಲ್‌ಗೆ ಮೂರು ಸಬ್ಜೆಕ್ಟ್ ಸಾಕಾ, ನಾಲ್ಕು ತಗೋಬೇಕಾ? ಮುಂದಿನ ವಾರ ಮಗಳು ಹೇಳಬೇಕು

ರೆಡಿಂಗ್ ಅಮ್ಮ
ಆಗಸ್ಟ್ 22, ರಾತ್ರಿ 10.15

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನಲ್ಲಿದ್ದೇವೆ. ನಿನ್ನೆ ಮಗಳ ಜಿಸಿಎಸ್‌ಇ (ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ) ರಿಸಲ್ಟ್ ಬಂತು. ಕೆಮಿಸ್ಟ್ರಿ, ಬಯಾಲಜಿ, ಮ್ಯಾಥ್ಸ್ ಮೂರರಲ್ಲೂ 9, ಅಂದರೆ ಎಲ್ಲಕ್ಕಿಂತ ಮೇಲಿನ ಗ್ರೇಡು. ಫಿಸಿಕ್ಸ್‌ನಲ್ಲಿ 8. ಉಳಿದದ್ದರಲ್ಲಿ 7, 8 ಇವೆ. ನಿನ್ನೆ ಹೋಳಿಗೆ ಮಾಡಿದೆ, ಊರಿಗೆಲ್ಲ ಫೋನ್ ಆಯಿತು. ಇವತ್ತು ಬೆಳಗ್ಗೆಯಿಂದ ಮನೆಯಲ್ಲಿ ಮಾತಿಗೆ ಮಾತು.

ಮುಂದಿನ ಎರಡು ವರ್ಷದ ಎ ಲೆವೆಲ್‌ಗೆ, ಅಂದರೆ ಇಲ್ಲಿನ ಪಿಯುಸಿಗೆ, ಮಗಳು ಕೆಮಿಸ್ಟ್ರಿ, ಬಯಾಲಜಿ, ಮ್ಯಾಥ್ಸ್ ಸಾಕು ಅನ್ನುತ್ತಾಳೆ. ಇವರು ಫಿಸಿಕ್ಸ್ ಬಿಡಲೇಬಾರದು ಅನ್ನುತ್ತಾರೆ. ಇವರು ಶಿವಮೊಗ್ಗದಲ್ಲಿ ಪಿಸಿಎಂಬಿ ಮಾಡಿದವರು. "ನಾವು ನಾಲ್ಕು ಸಬ್ಜೆಕ್ಟ್ ಜೊತೆಗೆ ಎರಡು ಭಾಷೆ ಓದಿದೆವು. ಇವಳಿಗೆ ಮೂರೇ ಅಂದರೆ ಹೇಗೆ?" ಅಂತ ಕೇಳುತ್ತಾರೆ. ಅವಳಿಗೆ ಮೆಡಿಸಿನ್ ಆಸೆ ಇದೆ, ಆದರೆ ಪೂರ್ತಿ ಗಟ್ಟಿ ಇಲ್ಲ. ಒಂದು ದಿನ ಎಂಜಿನಿಯರಿಂಗ್ ಅಂತಲೂ ಹೇಳುತ್ತಾಳೆ. ಎ ಲೆವೆಲ್ ಕಲಿಸುವ ಸಿಕ್ಸ್ತ್ ಫಾರಂನವರು ನಾಲ್ಕಕ್ಕೂ ಒಪ್ಪುತ್ತಾರಂತೆ.

ಯೂನಿವರ್ಸಿಟಿಯವರು ನಾಲ್ಕನೆಯದನ್ನು ನಿಜವಾಗಿ ನೋಡುತ್ತಾರಾ? ಇಲ್ಲಿ ಮಕ್ಕಳನ್ನು ಓದಿಸಿದವರು ದಯವಿಟ್ಟು ಹೇಳಿ. ನನಗೆ ಇಲ್ಲಿನ ಪದ್ಧತಿ ಹೊಸದು.

ಮ್ಯಾಂಚೆಸ್ಟರ್ ಅಪ್ಪ
ಆಗಸ್ಟ್ 22, ರಾತ್ರಿ 11.02

ಮೊದಲು ಮಗಳಿಗೆ ಅಭಿನಂದನೆ ಹೇಳಿ ಮೇಡಂ.

ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ನಾನೂ ಪಿಸಿಎಂಬಿ. ಹಾಗಾಗಿ ನಿಮ್ಮ ಯಜಮಾನರ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕು ತಗೊಂಡವನಿಗೆ ಎರಡೂ ಬಾಗಿಲು ತೆರೆದಿರುತ್ತವೆ, ಮೂರು ತಗೊಂಡವನು ಒಂದನ್ನು ಮುಚ್ಚಿಕೊಂಡ ಅಂತ ನಮ್ಮ ತಲೆಯಲ್ಲಿ ಕೂತಿದೆ. ಊರಿನಲ್ಲಿ ಅದು ಸರಿಯೇ. ಅಲ್ಲಿ ಪಿಯುಸಿಯಲ್ಲಿ ನಾಲ್ಕನ್ನೂ ಓದಿ, ಆಮೇಲೆ ಎಂಜಿನಿಯರಿಂಗ್‌ಗೆ ಸಿಇಟಿ, ಮೆಡಿಕಲ್‌ಗೆ ನೀಟ್ ಅಂತ ದಾರಿ ಬೇರೆ ಮಾಡಿಕೊಳ್ಳಬಹುದು.

ಇಲ್ಲಿ ಯೂನಿವರ್ಸಿಟಿ ಆಫರ್, ಅಂದರೆ ಇಷ್ಟು ಗ್ರೇಡು ತಂದರೆ ಸೀಟು ಅನ್ನುವ ಮಾತು, ಬರೆಯುವುದೇ ಮೂರು ಗ್ರೇಡಿನ ಲೆಕ್ಕದಲ್ಲಿ. ಎ ಗಿಂತ ಮೇಲಿನದು ಎ ಸ್ಟಾರ್. ಆಕ್ಸ್‌ಫರ್ಡ್ ಮೆಡಿಸಿನ್ ನೋಡಿ, ಎ ಸ್ಟಾರ್, ಎ, ಎ. ಕೇಂಬ್ರಿಡ್ಜ್ ಎಂಜಿನಿಯರಿಂಗ್‌ಗೆ ಎ ಸ್ಟಾರ್, ಎ ಸ್ಟಾರ್, ಎ. ದೇಶದಲ್ಲೇ ಸೀಟು ಸಿಗುವುದು ಕಷ್ಟ ಅನ್ನುವ ಈ ಎರಡು ಕಡೆಯೂ ಮೂರೇ ಗ್ರೇಡು ಕೇಳುತ್ತಾರೆ. ನಾಲ್ಕರಲ್ಲಿ ಎ ತಂದವನಿಗಿಂತ ಮೂರರಲ್ಲಿ ಎ ಸ್ಟಾರ್ ತಂದವನೇ ಮುಂದೆ ಹೋಗುತ್ತಾನೆ. ನನ್ನ ಮಗ ಮೂರೇ ತಗೊಂಡಿದ್ದ. ಈಗ ಮೆಡಿಸಿನ್ ಮೂರನೇ ವರ್ಷದಲ್ಲಿದ್ದಾನೆ. ಯಾವ ಇಂಟರ್ವ್ಯೂನಲ್ಲೂ "ಮೂರೇ ಯಾಕೆ?" ಅಂತ ಯಾರೂ ಕೇಳಲಿಲ್ಲ.

ಲೆಕ್ಕದ ಟೀಚರ್
ಆಗಸ್ಟ್ 23, ಬೆಳಗ್ಗೆ 7.30

ನಾನು ಲೆಸ್ಟರ್ ಹತ್ತಿರ ಒಂದು ಸಿಕ್ಸ್ತ್ ಫಾರಂ ಕಾಲೇಜಿನಲ್ಲಿ ಮ್ಯಾಥ್ಸ್ ಕಲಿಸುತ್ತೇನೆ. ಪ್ರತಿ ಆಗಸ್ಟ್‌ನಲ್ಲಿ ಈ ಪ್ರಶ್ನೆ ನನಗೆ ಹತ್ತಾರು ಸಲ ಬರುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

"ನಾಲ್ಕು" ಅನ್ನುವ ಮಾತು ಇಲ್ಲಿ ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. 2000ದಲ್ಲಿ ಎಎಸ್ ಅನ್ನುವುದನ್ನು ಎ ಲೆವೆಲಿನ ಅರ್ಧ ಭಾಗವಾಗಿ ತಂದರು. ಹನ್ನೆರಡನೇ ವರ್ಷದಲ್ಲಿ, ಅಂದರೆ ಎ ಲೆವೆಲಿನ ಮೊದಲ ವರ್ಷ, ಮಕ್ಕಳು ನಾಲ್ಕು ಎಎಸ್ ಬರೆಯುತ್ತಿದ್ದರು, ಆಮೇಲೆ ಒಂದನ್ನು ಬಿಟ್ಟು ಮೂರನ್ನು ಮುಂದುವರಿಸುತ್ತಿದ್ದರು. ಬಿಟ್ಟ ನಾಲ್ಕನೆಯದಕ್ಕೂ ಒಂದು ಸರ್ಟಿಫಿಕೇಟು ಕೈಯಲ್ಲಿರುತ್ತಿತ್ತು. ಆ ಕಾಲದಲ್ಲಿ ಮಕ್ಕಳನ್ನು ಓದಿಸಿದ ಹಿರಿಯರು ಈಗಲೂ "ನಾಲ್ಕು ಶುರು ಮಾಡಿಸಿ" ಅನ್ನುತ್ತಾರೆ. ಅವರ ಮಾತು ಅವತ್ತಿಗೆ ಸರಿ ಇತ್ತು.

2015ರಿಂದ ಇಂಗ್ಲೆಂಡಿನಲ್ಲಿ ಒಂದೊಂದೇ ಸಬ್ಜೆಕ್ಟ್ ಬದಲಾಯಿತು. ನನ್ನ ಮ್ಯಾಥ್ಸ್ 2017ರಲ್ಲಿ ಬದಲಾಯಿತು. ಈಗ ಎರಡು ವರ್ಷ ಓದಿದ್ದಕ್ಕೆಲ್ಲ ಕೊನೆಯ ಮೇ, ಜೂನ್‌ನಲ್ಲೇ ಪರೀಕ್ಷೆ. ಎಎಸ್ ಅಂಕ ಎ ಲೆವೆಲ್‌ಗೆ ಸೇರುವುದಿಲ್ಲ. ಎಷ್ಟೋ ಕಾಲೇಜುಗಳು ಎಎಸ್ ಪರೀಕ್ಷೆ ಕೂರಿಸುವುದನ್ನೇ ಬಿಟ್ಟಿವೆ. ಅಂದರೆ ನಿಮ್ಮ ಮಗಳು ಒಂದು ವರ್ಷ ಓದಿ ಫಿಸಿಕ್ಸ್ ಬಿಟ್ಟರೆ ಕೈಯಲ್ಲಿ ಏನೂ ಉಳಿಯದೇ ಹೋಗಬಹುದು. ಹಿಂದೆ ನಾಲ್ಕನೆಯದು ಅರ್ಧ ಹೊರೆ. ಈಗ ಅದು ಪೂರ್ತಿ ಹೊರೆ.

ಎಷ್ಟು ಹೊರೆ ಅಂತ ನೋಡಿ. ಒಂದು ಎ ಲೆವೆಲ್ ಅಂದರೆ ಎರಡು ವರ್ಷಕ್ಕೆ ಸುಮಾರು 360 ಗಂಟೆಯ ಪಾಠ. ವಾರಕ್ಕೆ ನಾಲ್ಕೈದು ಗಂಟೆ ಕ್ಲಾಸು, ಹೆಚ್ಚುಕಡಿಮೆ ಅಷ್ಟೇ ಹೊತ್ತು ಮನೆಯಲ್ಲಿ ಓದು. ಎಕ್ಯೂಎ ಬೋರ್ಡಿನಲ್ಲಿ ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಪ್ರತಿಯೊಂದಕ್ಕೂ ಎರಡೆರಡು ಗಂಟೆಯ ಮೂರು ಪೇಪರು. ನಾಲ್ಕೂ ತಗೊಂಡರೆ ಕೆಲವೇ ವಾರಗಳಲ್ಲಿ 12 ಪೇಪರು, 24 ಗಂಟೆ. ಮೂರು ಸೈನ್ಸ್‌ಗೂ ತಲಾ ಕನಿಷ್ಠ 12 ಪ್ರಾಕ್ಟಿಕಲ್ ಮಾಡಿ ಪುಸ್ತಕ ಬರೆಯಬೇಕು. ಓದುವ ಮಕ್ಕಳು ಇದನ್ನು ಮಾಡುತ್ತಾರೆ, ಮಾಡಲಾಗದು ಅಂತ ನಾನು ಹೇಳುವುದಿಲ್ಲ. ಆದರೆ ಆ ಹೊತ್ತನ್ನು ಬೇರೆ ಮೂರರಿಂದಲೇ ತೆಗೆಯುತ್ತಾರೆ, ಅಲ್ವಾ?

ಈ ಮಾತಿಗೆ ಒಂದು ದೊಡ್ಡ ವಿನಾಯಿತಿ ಇದೆ. ಅದು ಫರ್ದರ್ ಮ್ಯಾಥ್ಸ್, ಮ್ಯಾಥ್ಸ್ ಜೊತೆ ತಗೊಳ್ಳುವ ಇನ್ನೂ ಮೇಲಿನ ಮ್ಯಾಥ್ಸ್ ಎ ಲೆವೆಲ್. ಮಗು ಮ್ಯಾಥ್ಸ್ ಡಿಗ್ರಿಗೆ ಹೋಗುವುದಾದರೆ ಅದು ಬೇಕೇ ಬೇಕು ಅನ್ನುವ ಕಡೆಗಳಿವೆ. ಕೇಂಬ್ರಿಡ್ಜ್ ಕೇಳುತ್ತದೆ, ಲಂಡನ್ನಿನ ಇಂಪೀರಿಯಲ್ ಕಾಲೇಜು ಕೇಳುತ್ತದೆ. ಫಿಸಿಕ್ಸ್, ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ಗೆ ಒಳ್ಳೆಯ ಕಡೆ ಹೋಗುವವರಿಗೂ ಅದರಿಂದ ಬಹಳ ಸಹಾಯ. ಇಂಥ ಮಕ್ಕಳು ಮ್ಯಾಥ್ಸ್, ಫರ್ದರ್ ಮ್ಯಾಥ್ಸ್ ಜೊತೆ ಇನ್ನೆರಡು ತಗೊಂಡರೆ ಅದಕ್ಕೆ ಅರ್ಥವಿದೆ. ಮ್ಯಾಥ್ಸ್ ಎರಡೂ ಒಂದಕ್ಕೊಂದು ನೆರವಾಗುತ್ತವೆ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಉಪಯೋಗಕ್ಕೆ ಬರುತ್ತದೆ, ಹಾಗಾಗಿ ನಾಲ್ಕನೆಯ ಭಾರ ಪೂರ್ತಿ ಭಾರ ಅನ್ನಿಸುವುದಿಲ್ಲ. ಆದರೆ ಮೆಡಿಸಿನ್‌ಗೆ ಹೋಗುವವರಿಗೆ ಈ ಮಾತು ಹೊಂದುವುದಿಲ್ಲ. ಕೆಲವು ಮೆಡಿಕಲ್ ಕಾಲೇಜುಗಳು ಮ್ಯಾಥ್ಸ್, ಫರ್ದರ್ ಮ್ಯಾಥ್ಸ್ ಎರಡನ್ನೂ ಸೇರಿಸಿ ಒಂದೇ ಅಂತ ಎಣಿಸುತ್ತವೆ.

ಸ್ಲೌ ಕನ್ನಡಿಗ
ಆಗಸ್ಟ್ 23, ಬೆಳಗ್ಗೆ 9.10

ಎಲ್ಲರೂ ಮೂರು ಮೂರು ಅನ್ನುತ್ತಿದ್ದೀರಿ. ನಾನು ನಾಲ್ಕರ ಪರವಾಗಿ ಎರಡು ಮಾತು ಹೇಳಬೇಕು.

ನನ್ನ ಮಗಳು ನಾಲ್ಕು ಶುರು ಮಾಡಿದಳು. ಕೆಮಿಸ್ಟ್ರಿ, ಬಯಾಲಜಿ, ಮ್ಯಾಥ್ಸ್, ಹಿಸ್ಟರಿ. ಮೆಡಿಸಿನ್ ಅಂತ ಹೊರಟವಳು ಆರು ತಿಂಗಳಲ್ಲಿ "ನನಗೆ ಹಿಸ್ಟರಿಯೇ ಇಷ್ಟ ಅಪ್ಪ" ಅಂದಳು. ಬಯಾಲಜಿ ಬಿಟ್ಟಳು. ಈಗ ಯೂನಿವರ್ಸಿಟಿಯಲ್ಲಿ ಹಿಸ್ಟರಿ ಓದುತ್ತಿದ್ದಾಳೆ, ತುಂಬಾ ಖುಷಿಯಾಗಿದ್ದಾಳೆ. ಶುರುವಿನಲ್ಲಿ ಮೂರೇ ಸೈನ್ಸ್ ತಗೊಂಡಿದ್ದರೆ ಅವಳಿಗೆ ಈ ದಾರಿ ಇರುತ್ತಿರಲಿಲ್ಲ. 16 ವರ್ಷದ ಮಗುವಿಗೆ ಎಲ್ಲ ಗೊತ್ತಿರಬೇಕು ಅನ್ನುವುದು ಸರಿಯಲ್ಲ. ನಾಲ್ಕರಿಂದ ಶುರು ಮಾಡಿ ಮೂರಕ್ಕೆ ಇಳಿಯುವುದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ.

ಲೆಕ್ಕದ ಟೀಚರ್
ಆಗಸ್ಟ್ 23, ಬೆಳಗ್ಗೆ 9.48

ಸರ್, ನಿಮ್ಮ ಮಾತು ಒಪ್ಪುತ್ತೇನೆ. ನಿಮ್ಮ ಮಗಳ ನಾಲ್ಕನೆಯದು ಬೇರೆಯೇ ಒಂದು ದಾರಿ, ಅದು ನಿಜವಾದ ಆಯ್ಕೆ. ಆದರೆ ಬಿಡುವುದಾದರೆ ಬೇಗ ಬಿಡಬೇಕು. ಅಕ್ಟೋಬರ್ ರಜೆಯೊಳಗೆ ಬಿಟ್ಟರೆ ನಷ್ಟ ಕಡಿಮೆ. ಯುಕ್ಯಾಸ್ (ಎಲ್ಲ ಯೂನಿವರ್ಸಿಟಿಗೂ ಒಂದೇ ಕಡೆಯಿಂದ ಅರ್ಜಿ ಹಾಕುವ ವ್ಯವಸ್ಥೆ) ಅರ್ಜಿ ಹಾಕಿದ ಮೇಲೆ ಬಿಟ್ಟರೆ ಎಲ್ಲ ಯೂನಿವರ್ಸಿಟಿಗೂ ತಿಳಿಸಬೇಕು. ಓದುತ್ತಿರುವ ಸಬ್ಜೆಕ್ಟ್ ಅಷ್ಟನ್ನೂ ಅರ್ಜಿಯಲ್ಲಿ ತೋರಿಸಲೇಬೇಕು, ಬಚ್ಚಿಡುವಂತಿಲ್ಲ.

ಕಾರ್ಡಿಫ್ ಅಕ್ಕ
ಆಗಸ್ಟ್ 23, ಮಧ್ಯಾಹ್ನ 12.20

ಒಂದು ಸಣ್ಣ ಸೇರ್ಪಡೆ. ಮೇಲೆ ಟೀಚರ್ ಹೇಳಿದ್ದು ಇಂಗ್ಲೆಂಡಿನ ಮಾತು. ನಮ್ಮ ವೇಲ್ಸ್‌ನಲ್ಲಿ, ಉತ್ತರ ಐರ್ಲೆಂಡಿನಲ್ಲಿ ಎಎಸ್ ಇನ್ನೂ ಎ ಲೆವೆಲಿನ ಭಾಗ, ಶೇ. 40 ಅಲ್ಲೇ ಮುಗಿಯುತ್ತದೆ. ನಮ್ಮ ಕಡೆ ನಾಲ್ಕು ಎಎಸ್ ಬರೆದು ಒಂದು ಬಿಡುವ ರೂಢಿ ಹೋಗಿಲ್ಲ. ಸಲಹೆ ಕೊಡುವ ಗೆಳತಿಯರು ಎಲ್ಲಿದ್ದಾರೆ ಅಂತ ನೋಡಿಕೊಂಡು ಅವರ ಮಾತು ಕೇಳಿ.

ಮೊದಲ ವರ್ಷದ ಹುಡುಗಿ
ಆಗಸ್ಟ್ 23, ಸಂಜೆ 5.05

ಆಂಟಿ, ನಾನು ಇಲ್ಲಿ ದೊಡ್ಡವರ ನಡುವೆ ಮಾತಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಅಮ್ಮ ಈ ಚರ್ಚೆ ತೋರಿಸಿ "ನೀನೂ ಬರಿ" ಅಂದರು. ಕನ್ನಡ ಟೈಪ್ ಮಾಡಲು ಅವರೇ ಸಹಾಯ ಮಾಡಿದರು.

ನಾನು ನಾಲ್ಕು ತಗೊಂಡೆ. ಥೇಟ್ ನಿಮ್ಮ ಮನೆಯ ಕಥೆಯೇ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಯಾರೂ ಬಲವಂತ ಮಾಡಲಿಲ್ಲ. ಚಿಕ್ಕಂದಿನಿಂದ ಅಪ್ಪನ ಬಾಯಲ್ಲಿ ಪಿಸಿಎಂಬಿ ಕೇಳಿ ಕೇಳಿ ಅದೇ ಸರಿ ಅಂತ ನನಗೇ ಅನ್ನಿಸಿತ್ತು. ಹನ್ನೆರಡನೇ ವರ್ಷ ಹೇಗೋ ಆಯಿತು. ಬೇಸಿಗೆಯಲ್ಲಿ ಮೆಡಿಸಿನ್ ಪ್ರವೇಶ ಪರೀಕ್ಷೆ ಯುಕ್ಯಾಟ್‌ಗೆ ಓದಬೇಕಿತ್ತು. ಅದೇ ಹೊತ್ತಿಗೆ ಕೇರ್ ಹೋಮ್‌ನಲ್ಲಿ ವಾಲಂಟಿಯರ್ ಕೆಲಸ. ಅದೇ ಹೊತ್ತಿಗೆ ಪ್ರೆಡಿಕ್ಟೆಡ್ ಗ್ರೇಡಿನ (ಅರ್ಜಿಗೆ ಶಾಲೆಯವರು ಅಂದಾಜು ಮಾಡಿ ಕೊಡುವ ಗ್ರೇಡು) ಪರೀಕ್ಷೆ. ಪ್ರೆಡಿಕ್ಟೆಡ್ ಗ್ರೇಡು ಎ, ಎ, ಬಿ, ಬಿ ಬಂತು. ನಾಲ್ಕಿದ್ದವು, ಆದರೆ ಮೆಡಿಸಿನ್‌ಗೆ ಬೇಕಾದ ಮೂರು ಎ ಇರಲಿಲ್ಲ. ಕೆಮಿಸ್ಟ್ರಿಯಲ್ಲೇ ಬಿ. ಶಾಲೆಯಲ್ಲಿ ಯಾರಾದರೂ ಮೊದಲೇ "ಒಂದು ಬಿಡು" ಅಂತ ಹೇಳಿದ್ದರೆ ಅಂತ ಬಹಳ ದಿನ ಅನ್ನಿಸುತ್ತಿತ್ತು.

ಜನವರಿಯಲ್ಲಿ ಫಿಸಿಕ್ಸ್ ಬಿಟ್ಟೆ. ಆ ದಿನ ಬಾತ್‌ರೂಮಿನಲ್ಲಿ ಕೂತು ಅತ್ತೆ. ಆಮೇಲೆ ರಾತ್ರಿ ಎಂಟು ತಾಸು ನಿದ್ದೆ ಬಂತು. ಕೊನೆಗೆ ಎ, ಎ, ಎ ಬಂದವು. ಆದರೆ ಆ ವರ್ಷದ ಮೆಡಿಸಿನ್ ಅರ್ಜಿ ಮುಗಿದೇ ಹೋಗಿತ್ತು, ಅದಕ್ಕೆ ಅಕ್ಟೋಬರ್ 15 ಕೊನೆ ದಿನ ಅಲ್ವಾ. ಒಂದು ವರ್ಷ ಬಿಟ್ಟು ಮತ್ತೆ ಹಾಕಿದೆ, ಸಿಕ್ಕಿತು. ಅಪ್ಪ ಈಗಲೂ ಆ ವರ್ಷದ ಮಾತು ಬಂದರೆ ಸುಮ್ಮನಾಗುತ್ತಾರೆ. ಅವರ ಮೇಲೆ ನನಗೆ ಬೇಸರ ಇಲ್ಲ. ನಿಮ್ಮ ಮಗಳಿಗೆ ಹಾಗಾಗಬಾರದು ಅಂತ ಬರೆದೆ.

ರೆಡಿಂಗ್ ಅಮ್ಮ
ಆಗಸ್ಟ್ 23, ರಾತ್ರಿ 8.40

ಪುಟ್ಟಿ, ನೀನು ಬರೆದದ್ದನ್ನು ನಾವು ಮೂವರೂ ಕೂತು ಓದಿದೆವು. ಮಗಳು ಎರಡು ಸಲ ಓದಿದಳು. ಬರೆದದ್ದು ಒಳ್ಳೆಯದಾಯಿತು ಕಂದಾ, ತಪ್ಪೇನೂ ಇಲ್ಲ.

ಇವರ ಪ್ರಶ್ನೆ ಇನ್ನೂ ಎರಡಿವೆ. ಒಂದು, ಫಿಸಿಕ್ಸ್ ಬಿಟ್ಟರೆ ಏನೇನು ಮುಚ್ಚಿಹೋಗುತ್ತದೆ? ಎರಡು, ಯುಕ್ಯಾಸ್ ಪಾಯಿಂಟು ಅಂತ ಇದೆಯಲ್ಲ, ನಾಲ್ಕು ಸಬ್ಜೆಕ್ಟ್ ಇದ್ದರೆ ಪಾಯಿಂಟು ಜಾಸ್ತಿ ಆಗುವುದಿಲ್ಲವಾ?

ಮ್ಯಾಂಚೆಸ್ಟರ್ ಅಪ್ಪ
ಆಗಸ್ಟ್ 23, ರಾತ್ರಿ 9.25

ಪಾಯಿಂಟಿನದು ನಾನು ಹೇಳುತ್ತೇನೆ. ಎ ಸ್ಟಾರ್‌ಗೆ 56, ಎ ಗೆ 48, ಬಿ ಗೆ 40, ಸಿ ಗೆ 32. ನಾಲ್ಕು ಎ ಅಂದರೆ 192, ಮೂರು ಎ ಸ್ಟಾರ್ ಅಂದರೆ 168. ಕಾಗದದ ಮೇಲೆ ನಾಲ್ಕು ಗೆಲ್ಲುತ್ತದೆ, ನಿಜ. ಆದರೆ ಮೆಡಿಸಿನ್‌ಗೆ, ಹೆಸರುವಾಸಿ ಯೂನಿವರ್ಸಿಟಿಗಳ ಹೆಚ್ಚಿನ ಕೋರ್ಸಿಗೆ ಆಫರ್ ಬರುವುದು ಪಾಯಿಂಟಿನಲ್ಲಿ ಅಲ್ಲ, ಗ್ರೇಡಿನಲ್ಲಿ. "ಎ, ಎ, ಎ ತನ್ನಿ, ಅದರಲ್ಲಿ ಕೆಮಿಸ್ಟ್ರಿ ಇರಲಿ" ಅಂತ ಬರೆಯುತ್ತಾರೆ. ಪಾಯಿಂಟಿನಲ್ಲಿ ಆಫರ್ ಕೊಡುವ ಕಡೆಯೂ ಎಷ್ಟೋ ಸಲ "ಮೂರು ಎ ಲೆವೆಲಿನಿಂದಲೇ ಇಷ್ಟು ಪಾಯಿಂಟು" ಅಂತ ಷರತ್ತು ಇರುತ್ತದೆ. ಪ್ರತಿ ಕೋರ್ಸಿನ ಪುಟ ತೆರೆದು ನೋಡಿ, ನೆರೆಮನೆಯವರ ಮಾತಿಗಿಂತ ಅದು ಗಟ್ಟಿ.

ಲೆಕ್ಕದ ಟೀಚರ್
ಆಗಸ್ಟ್ 23, ರಾತ್ರಿ 10.00

ಫಿಸಿಕ್ಸಿನ ಪ್ರಶ್ನೆಯೇ ಇಲ್ಲಿ ಮುಖ್ಯ. ಎಷ್ಟು ಸಬ್ಜೆಕ್ಟ್ ಅನ್ನುವುದಕ್ಕಿಂತ ಯಾವ ಮೂರು ಅನ್ನುವುದರ ಮೇಲೆ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ.

ಕೆಮಿಸ್ಟ್ರಿ, ಬಯಾಲಜಿ, ಮ್ಯಾಥ್ಸ್ ಇದ್ದರೆ ಮೆಡಿಸಿನ್, ಡೆಂಟಲ್, ಫಾರ್ಮಸಿ, ಬಯೋಕೆಮಿಸ್ಟ್ರಿ ಎಲ್ಲ ತೆರೆದಿರುತ್ತವೆ. ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್‌ಗೆ ಮುಖ್ಯವಾಗಿ ಬೇಕಾದ್ದು ಮ್ಯಾಥ್ಸ್, ಅದೂ ಇದೆ. ಕೆಮಿಕಲ್ ಎಂಜಿನಿಯರಿಂಗ್‌ಗೂ ಹಲವು ಕಡೆ ಮ್ಯಾಥ್ಸ್, ಕೆಮಿಸ್ಟ್ರಿ ಸಾಕು. ಮುಚ್ಚುವುದು ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಏರೋಸ್ಪೇಸ್, ಫಿಸಿಕ್ಸ್ ಡಿಗ್ರಿ. ಅಲ್ಲಿ ಹೆಚ್ಚಿನ ಕಡೆ ಮ್ಯಾಥ್ಸ್ ಜೊತೆ ಫಿಸಿಕ್ಸ್ ಕೇಳುತ್ತಾರೆ.

ಇನ್ನೊಂದು ದಾರಿಯೂ ಇದೆ. ಕೆಮಿಸ್ಟ್ರಿ, ಮ್ಯಾಥ್ಸ್, ಫಿಸಿಕ್ಸ್ ತಗೊಂಡು ಬಯಾಲಜಿ ಬಿಟ್ಟರೆ ಎಂಜಿನಿಯರಿಂಗ್ ಎಲ್ಲ ತೆರೆದಿರುತ್ತದೆ, ಮೆಡಿಸಿನ್ ಕೂಡ ಪೂರ್ತಿ ಮುಚ್ಚುವುದಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೆಡಿಸಿನ್ ಕೆಮಿಸ್ಟ್ರಿ ಜೊತೆ ಬಯಾಲಜಿ, ಫಿಸಿಕ್ಸ್, ಮ್ಯಾಥ್ಸ್ ಇವುಗಳಲ್ಲಿ ಒಂದು ಇದ್ದರೂ ತಗೊಳ್ಳುತ್ತವೆ. ಆದರೆ ಬಯಾಲಜಿ ಬೇಕೇ ಬೇಕು ಅನ್ನುವ ಕಾಲೇಜುಗಳೂ ಬಹಳ ಇವೆ. ಮೆಡಿಸಿನ್‌ಗೆ ಹಾಕಲು ಸಿಗುವುದು ನಾಲ್ಕೇ ಜಾಗ, ಆ ನಾಲ್ಕು ಎಲ್ಲಿ ಅನ್ನುವುದನ್ನು ನೋಡಿ ಹೇಳಬೇಕು.

ಮಗಳನ್ನೇ ಕೇಳಿ. ಎಂಜಿನಿಯರಿಂಗ್ ಅಂದಾಗ ಅವಳ ಕಣ್ಣಮುಂದೆ ಬರುವುದು ಏನು? ಮಷೀನು, ಸರ್ಕ್ಯೂಟು ಆದರೆ ಫಿಸಿಕ್ಸ್ ಬೇಕು. ಔಷಧಿ, ಜೀವಕೋಶ, ಕಾರ್ಖಾನೆಯ ಕೆಮಿಸ್ಟ್ರಿ ಆದರೆ ಅವಳು ಹೇಳಿದ ಮೂರೇ ಸರಿ.

ಬೆಂಗಳೂರು ತಾಯಿ
ಆಗಸ್ಟ್ 24, ಬೆಳಗ್ಗೆ 6.50

ನಾನು ಇಂಗ್ಲೆಂಡಿನವಳಲ್ಲ, ಬೆಂಗಳೂರಿನಲ್ಲಿದ್ದೇನೆ. ಮಗ ಇಲ್ಲಿ ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಎ ಲೆವೆಲ್ ಓದುತ್ತಾನೆ. ಒಂದು ಎಚ್ಚರಿಕೆ ಹೇಳಬೇಕು ಅನ್ನಿಸಿತು. ನಿಮ್ಮಲ್ಲಿ ಯಾರಾದರೂ ನಡುವೆ ಊರಿಗೆ ವಾಪಸ್ ಬರುವ ಯೋಚನೆಯಲ್ಲಿದ್ದರೆ ಮೂರರ ಲೆಕ್ಕ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು, ಜೊತೆಗೆ ಇಂಗ್ಲಿಷ್. ಮ್ಯಾಥ್ಸ್ ಇದ್ದು ಫಿಸಿಕ್ಸ್ ಇಲ್ಲದಿದ್ದರೆ ಇಲ್ಲಿನ ಎಂಬಿಬಿಎಸ್ ಬಾಗಿಲು ಮುಚ್ಚಿತು. ಜೆಇಇಯಿಂದ ಐಐಟಿ, ಎನ್‌ಐಟಿಗೆ ಹೋಗುವವರ ಹನ್ನೆರಡನೇ ತರಗತಿಯ ಅಂಕದ ಲೆಕ್ಕದಲ್ಲಿ ಐದು ಸಬ್ಜೆಕ್ಟ್ ನೋಡುತ್ತಾರೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಒಂದು ಭಾಷೆ, ಇನ್ನೊಂದು ಯಾವುದಾದರೂ.

ನಮ್ಮ ಬೋರ್ಡಿನಲ್ಲಿ ಎಎಸ್ ಅಂಕ ಎ ಲೆವೆಲ್‌ಗೆ ಸೇರುತ್ತದೆ. ಹಾಗಾಗಿ ಮಗ ನಾಲ್ಕು ಎಎಸ್ ಮುಗಿಸಿ ಮೂರಕ್ಕೆ ಇಳಿದ, ಕೈಯಲ್ಲಿ ನಾಲ್ಕನೆಯ ಎಎಸ್ ಗ್ರೇಡು ಉಳಿಯಿತು. ಊರಿಗೆ ಬರುವವರು ಹೊರಗಿನ ಪರೀಕ್ಷೆ ಇಲ್ಲಿನ ಹನ್ನೆರಡನೇ ತರಗತಿಗೆ ಸಮ ಅಂತ ಒಪ್ಪುವ, ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತೆಯ ನಿಯಮ ಮೊದಲೇ ಓದಿಕೊಳ್ಳಿ. ಎರಡು ವರ್ಷ ಆದ ಮೇಲೆ ಓದಿದರೆ ಏನೂ ಮಾಡಲಾಗುವುದಿಲ್ಲ.

ರೆಡಿಂಗ್ ಅಮ್ಮ
ಆಗಸ್ಟ್ 24, ಬೆಳಗ್ಗೆ 8.15

ಅಕ್ಕ, ಇದು ನಮಗೆ ಹೊಳೆದೇ ಇರಲಿಲ್ಲ. ನಾವು ಹೋಗುವ ಯೋಚನೆ ಇಲ್ಲ, ಇಲ್ಲೇ ಪರ್ಮನೆಂಟ್ ಆಗಿದ್ದೇವೆ. ಆದರೂ ಇವರ ತಲೆಯಲ್ಲಿ ಫಿಸಿಕ್ಸ್ ಯಾಕೆ ಅಷ್ಟು ಗಟ್ಟಿಯಾಗಿ ಕೂತಿದೆ ಅಂತ ನಿಮ್ಮ ಮಾತಿನಿಂದ ನನಗೆ ತಿಳಿಯಿತು. ಅವರು ಊರಿನ ಲೆಕ್ಕದಲ್ಲಿ ಸರಿಯಾಗಿಯೇ ಇದ್ದಾರೆ.

ಸ್ಲೌ ಕನ್ನಡಿಗ
ಆಗಸ್ಟ್ 24, ಬೆಳಗ್ಗೆ 10.30

ಮೂರೇ ಅಂತಾದರೆ ಉಳಿಯುವ ಹೊತ್ತಿಗೆ ಇಪಿಕ್ಯೂ ಅನ್ನುವ ಪ್ರಾಜೆಕ್ಟ್ ಬಗ್ಗೆ ಕೇಳಿ ನೋಡಿ ಮೇಡಂ. ಮಗುವೇ ಒಂದು ಪ್ರಶ್ನೆ ಹುಡುಕಿ, ಓದಿ, 5000 ಪದದ ಬರಹ ಬರೆಯುತ್ತದೆ. ಕೊನೆಯಲ್ಲಿ ಎಲ್ಲರ ಮುಂದೆ ಹೇಳಬೇಕು. ಅರ್ಧ ಎ ಲೆವೆಲಿನಷ್ಟು ತೂಕ, ಆದರೆ ಮೇ ತಿಂಗಳ ಪರೀಕ್ಷೆ ಇಲ್ಲ. ಅದರಲ್ಲಿ ಎ ತಂದರೆ ಸೌತಾಂಪ್ಟನ್‌ನಂಥ ಕಡೆ ಕೆಲವು ಕೋರ್ಸಿಗೆ ಒಂದು ಗ್ರೇಡು ಕಡಿಮೆ ಇದ್ದರೂ ತಗೊಳ್ಳುತ್ತಾರೆ. ನನ್ನ ಮಗಳು ಗುಜರಾತ್, ಬಂಗಾಳದ ಹತ್ತಿ ಲ್ಯಾಂಕಷೈರ್ ಗಿರಣಿಗೆ ಹೇಗೆ ಸಂಬಂಧ ಅಂತ ಬರೆದಳು. ಅಜ್ಜಿಗೆ ಫೋನ್ ಮಾಡಿ ಹುಬ್ಬಳ್ಳಿ ಹತ್ತಿ ಮಾರುಕಟ್ಟೆಯ ಬಗ್ಗೆ ಕೇಳಿದಳು. ಆ ಪುಟ ಬರಹದಲ್ಲಿ ಉಳಿಯಲಿಲ್ಲ. ಆದರೆ ಮೊಮ್ಮಗಳು ಒಂದು ಗಂಟೆ ಮಾತಾಡಿದಳು ಅಂತ ಅಜ್ಜಿ ಊರೆಲ್ಲ ಹೇಳಿದರು.

ಮೊದಲ ವರ್ಷದ ಹುಡುಗಿ
ಆಗಸ್ಟ್ 24, ಮಧ್ಯಾಹ್ನ 1.15

ಮೆಡಿಸಿನ್ ಆದರೆ ಇಪಿಕ್ಯೂ ಕೂಡ ಹನ್ನೆರಡನೇ ವರ್ಷದಲ್ಲೇ ಮುಗಿಯುತ್ತದಾ ಅಂತ ಕೇಳಿಕೊಳ್ಳಿ ಆಂಟಿ. ಬೇಸಿಗೆ ಯುಕ್ಯಾಟ್‌ಗೆ ಬೇಕು.

ರೆಡಿಂಗ್ ಅಮ್ಮ
ಸೆಪ್ಟೆಂಬರ್ 20, ಸಂಜೆ 6.30

ಏನಾಯಿತು ಅಂತ ಹೇಳಲು ಬಂದೆ. ಇಬ್ಬರು ಮೆಸೇಜ್ ಮಾಡಿ ಕೇಳಿದ್ದರು.

ಆ ಭಾನುವಾರ ಇವರು ಒಂದು ಹಾಳೆ ತಗೊಂಡು ಕೂತರು. ಮಗಳಿಗೆ ಇಷ್ಟವಾದ ಹತ್ತು ಕೋರ್ಸು ಬರೆಸಿದರು. ಒಂದೊಂದರ ಪುಟ ತೆರೆದು, ಪಕ್ಕದಲ್ಲಿ ಏನು ಕೇಳುತ್ತಾರೆ ಅಂತ ತಾವೇ ಬರೆದರು. ಹತ್ತರಲ್ಲಿ ಫಿಸಿಕ್ಸ್ ಬೇಕೇ ಬೇಕು ಅಂದದ್ದು ಒಂದು. ಅದು ಬಯೋಮೆಡಿಕಲ್ ಎಂಜಿನಿಯರಿಂಗ್. ಮಗಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. "ಇದು ಹೋದರೆ ಪರವಾಗಿಲ್ಲ ಅಪ್ಪ" ಅಂತ ತಾನೇ ಗೆರೆ ಎಳೆದಳು. ಅಷ್ಟೇ, ಮಾತು ಮುಗಿಯಿತು. ಇವರು ಎದ್ದುಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದರು.

ಮೂರೇ ತಗೊಂಡಿದ್ದಾಳೆ. ಇಪಿಕ್ಯೂಗೆ ಹೆಸರು ಕೊಟ್ಟಿದ್ದಾಳೆ, ಹನ್ನೆರಡನೇ ವರ್ಷದಲ್ಲೇ ಮುಗಿಯುತ್ತದಂತೆ. ಬುಧವಾರ ಮಧ್ಯಾಹ್ನ ಕ್ಲಾಸು ಇಲ್ಲ, ಲೈಬ್ರರಿಯಲ್ಲಿ ಕೂತು ಕೆಮಿಸ್ಟ್ರಿ ಮಾಡುತ್ತಾಳೆ. ಮೊದಲ ಟೆಸ್ಟು ಆಗಿದೆ, ಮ್ಯಾಥ್ಸ್ ಚೆನ್ನಾಗಿದೆ, ಕೆಮಿಸ್ಟ್ರಿಯಲ್ಲಿ ಮೋಲ್ ಲೆಕ್ಕ ಇನ್ನೂ ತೊಡಕು. ಟೀಚರ್, ಮುಂದಿನ ವಾರ ನಿಮಗೊಂದು ಪ್ರಶ್ನೆ ಕೇಳುತ್ತಾಳಂತೆ.

ಫಿಸಿಕ್ಸ್ ಪುಸ್ತಕ ಎರಡು ನಮ್ಮಲ್ಲಿ ಹೊಸದಾಗಿಯೇ ಇವೆ, ಎಕ್ಯೂಎ ಬೋರ್ಡಿನವು, ಮೊದಲ ಮತ್ತು ಎರಡನೇ ವರ್ಷದ್ದು. ರಿಸಲ್ಟ್ ಬಂದ ದಿನವೇ ಇವರು ತಂದಿದ್ದರು. ರೆಡಿಂಗ್, ಸ್ಲೌ ಸುತ್ತಮುತ್ತ ಫಿಸಿಕ್ಸ್ ತಗೊಂಡ ಮಕ್ಕಳು ಯಾರಾದರೂ ಇದ್ದರೆ ಹೇಳಿ. ಶನಿವಾರ ಇವರೇ ಕಾರಿನಲ್ಲಿ ತಂದುಕೊಡುತ್ತಾರೆ.